ಹೊಲಿಯುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಹಾಗಾದರೆ ಆನಾ ವಿಂಟೂರ್ ಮಾಡುವ ಕೆಲಸ ಏನು?

ವಿರಾಜಪೇಟೆ_ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮ ಮಹಿಳಾ ಸಮಾಜದಿಂದ ಪ್ರತಿ ವರ್ಷ ಒಂದು ಸಂಚಿಕೆ ಬರುತ್ತದೆ. ಈ ಸಲ ಅದಕ್ಕೆ ನಾನು ಸಂಪಾದಕಿ. ಚೆನ್ನಾಗಿ ಬರೆಯುತ್ತೇನೆ ಅಂತ ಅಲ್ಲ, ಮನೆಯಲ್ಲಿ ಲ್ಯಾಪ್‌ಟಾಪ್ ಇದೆ ಅಂತ. ವಿಷಯ ಕೊಡಗಿನ ಉಡುಗೆ. ಹೇಳಿದ್ದೇ ತಡ, ಆಂಟಿಯರು ವಾಟ್ಸಾಪ್‌ನಲ್ಲಿ ಮದುವೆ ಫೋಟೋ ಸುರಿದಿದ್ದಾರೆ. ಹಿಂದೆ ನೆರಿಗೆ, ಬಲ ಭುಜದ ಮೇಲೆ ಸೆರಗು, ತಲೆಗೆ ವಸ್ತ್ರ, ಕೈ ತುಂಬ ಬಳೆ. ಎಲ್ಲ ಒಂದೇ ಥರ. ಎಲ್ಲರಿಗೂ ಕವರ್ ಪೇಜೇ ಬೇಕು.

ಇದರ ಜೊತೆಗೆ ಬಿಡುಗಡೆ ದಿನ ಪ್ರಪಂಚದಲ್ಲಿ ಹೆಸರು ಮಾಡಿದ ಒಬ್ಬ ಸಂಪಾದಕಿಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕಂತೆ. ನಾನು ಆನಾ ವಿಂಟೂರ್ ಅಂದುಬಿಟ್ಟೆ. ನ್ಯೂಯಾರ್ಕಿನಲ್ಲಿ ಈಕೆ ನಡೆಸುವ ಫ್ಯಾಷನ್ ಸಮಾರಂಭ ಮೆಟ್ ಗಾಲಾ, 2025ರಲ್ಲಿ ಅದಕ್ಕೆ ಶಾರುಖ್ ಖಾನ್ ಸಬ್ಯಸಾಚಿ ಬಟ್ಟೆ ಹಾಕಿಕೊಂಡು ಹೋದಾಗ ರೀಲ್ಸ್ ತುಂಬ ಅದೇ ಇತ್ತಲ್ವಾ, ಆಗ ಈ ಹೆಸರು ತಲೆಯಲ್ಲಿ ಕೂತಿತ್ತು.

ಈಗ ಓದುತ್ತಾ ಹೋದರೆ ಒಂದೇ ಗೊಂದಲ. ಈಕೆ ಬಟ್ಟೆ ಡಿಸೈನ್ ಮಾಡುವುದಿಲ್ಲ. ಹೊಲಿಯುವುದಿಲ್ಲ. ಫೋಟೋ ತೆಗೆಯುವುದಿಲ್ಲ. ಲೇಖನ ಬರೆದು ಹೆಸರು ಮಾಡಿದವರೂ ಅಲ್ಲ. ಆದರೂ 1988ರಿಂದ 2025ರವರೆಗೆ ಅಮೆರಿಕದ ವೋಗ್ ಅನ್ನುವ ಫ್ಯಾಷನ್ ಪತ್ರಿಕೆಯ ಸಂಪಾದಕಿ. ದೊಡ್ಡ ದೊಡ್ಡ ಡಿಸೈನರ್‌ಗಳೇ ಹೆದರುತ್ತಾರೆ. ಯಾಕೆ? ದಿನವಿಡೀ ಮಾಡುವುದಾದರೂ ಏನು?

ಹುಟ್ಟಿದ್ದು ಎಲ್ಲಿ, ಪ್ರಶಸ್ತಿ ಎಷ್ಟು ಅಂತ ವಿಕಿಪೀಡಿಯದಲ್ಲೇ ಸಿಗುತ್ತದೆ. ಕೆಲಸ ಏನು ಅಂತ ಗೊತ್ತಿರುವವರು ಹೇಳಿ.

ಮಡಿಕೇರಿ_ಮಂಜು

ಮೆರಿಲ್ ಸ್ಟ್ರೀಪ್ ಸಿನಿಮಾ ಇದೆಯಲ್ಲ, ದಿ ಡೆವಿಲ್ ವೇರ್ಸ್ ಪ್ರಾಡಾ, 2006ರದ್ದು. ಅದರ ಸಂಪಾದಕಿ ಇವರೇ ಅಂತಾರೆ. ಅದನ್ನು ನೋಡಿ ಮುಗಿಸಿ. ಬಿಳಿ ಕೂದಲು, ತಣ್ಣಗಿನ ದನಿ, ಕೋಟು ತೆಗೆದು ಅಸಿಸ್ಟೆಂಟ್ ಮೇಜಿನ ಮೇಲೆ ಎಸೆಯುವುದು. ಅಷ್ಟೇ ಕೆಲಸ.

ಕರಿಮೆಣಸು

ಮಂಜು ಅವರೇ, ಆ ಸಿನಿಮಾ ನಾನೂ ನೋಡಿದ್ದೇನೆ. ಮೂಲ ಕಾದಂಬರಿ ಬರೆದವರು ವಿಂಟೂರ್ ಹತ್ತಿರ ಅಸಿಸ್ಟೆಂಟ್ ಆಗಿದ್ದವರು, ಅದೂ ನಿಜ. ಆದರೆ ಮುಖ ಗಂಟು ಹಾಕಿಕೊಳ್ಳುವುದೇ ಕೆಲಸ ಆಗಿದ್ದರೆ ನಮ್ಮ ಕಡೆಯ ಎಷ್ಟೋ ತೋಟದ ರೈಟರ್‌ಗಳು (ಲೆಕ್ಕ ಬರೆಯುವ ಗುಮಾಸ್ತರು) ವೋಗ್ ನಡೆಸಬಹುದಿತ್ತು.

ತಂಗಿ, ನಿನ್ನ ಪ್ರಶ್ನೆಗೆ ಉತ್ತರ ಚಿಕ್ಕದು. ಆಕೆಯ ಕೆಲಸ ಬೇಡ ಅನ್ನುವುದು. ಅದೂ ಬೇಗ ಅನ್ನುವುದು. ಅಂದ ಮೇಲೆ ಅದರ ಬೈಗುಳವನ್ನು ತಾನೇ ತಿನ್ನುವುದು.

ನನಗೆ ಹೇಗೆ ಗೊತ್ತು ಅಂದರೆ, ಅಮ್ಮತ್ತಿ ಕಡೆ ತೋಟಕ್ಕೆ ವಾಪಸ್ ಬರುವ ಮೊದಲು ಬೆಂಗಳೂರಿನ ಒಂದು ಮಹಿಳಾ ಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. ತೊಂಬತ್ತರ ದಶಕ. ಫೋಟೋಗಳು ಬರುತ್ತಿದ್ದದ್ದು ಟ್ರಾನ್ಸ್‌ಪರೆನ್ಸಿಯಲ್ಲಿ, ಅಂದರೆ ಬೆಳಕಿಗೆ ಹಿಡಿದು ನೋಡುವ ಫಿಲ್ಮ್ ತುಂಡಿನಲ್ಲಿ. ಲೈಟ್ ಬಾಕ್ಸ್ ಮೇಲೆ ಹರಡಿ, ಬಗ್ಗಿ, ಲೂಪ್ ಅನ್ನುವ ಪುಟ್ಟ ಭೂತಗನ್ನಡಿಗೆ ಕಣ್ಣು ಒತ್ತಿ ಒಂದೊಂದೇ ನೋಡಬೇಕು. ಸೀರೆ ಪುಟಕ್ಕೆ ಅಂತ ಫೋಟೋಗ್ರಾಫರ್ ರೋಲುಗಟ್ಟಲೆ ತೆಗೆದು ತರುತ್ತಿದ್ದರು. ಪುಟದಲ್ಲಿ ಜಾಗ ಇದ್ದದ್ದು ನಾಲ್ಕಕ್ಕೆ. ನಾಲ್ಕು ಆರಿಸುವುದು ಕಷ್ಟ ಅಲ್ಲ. ಉಳಿದದ್ದನ್ನೆಲ್ಲ ಲಕೋಟೆಗೆ ತುಂಬಿ, ಆತನ ಮುಖ ನೋಡಿಕೊಂಡು ವಾಪಸ್ ಕೊಡುವುದು ಕಷ್ಟ. ನಮ್ಮ ಸಂಪಾದಕರಿಗೆ ಅದು ಆಗುತ್ತಿರಲಿಲ್ಲ. ನಾಳೆ ನೋಡೋಣ ಅನ್ನುತ್ತಿದ್ದರು. ನಾಳೆ ಬರುವಷ್ಟರಲ್ಲಿ ಪ್ರೆಸ್ಸಿನವರು ಫೋನಿನಲ್ಲಿ ಕೂಗಾಡುತ್ತಿದ್ದರು. ಕೊನೆಗೆ ಯಾವ ಫೋಟೋ ಕೈಗೆ ಸಿಕ್ಕಿತೋ ಅದು ಹೋಗುತ್ತಿತ್ತು.

ವಿಂಟೂರ್ ಜೊತೆ ಕೆಲಸ ಮಾಡಿದವರು ಬೇರೆ ಏನೇ ದೂರು ಹೇಳಿದರೂ ಒಂದು ಮಾತನ್ನು ಎಲ್ಲರೂ ಒಪ್ಪುತ್ತಾರೆ. ಮೀಟಿಂಗ್ ನಿಮಿಷಗಳಲ್ಲಿ ಮುಗಿಯುತ್ತದೆ, ಉತ್ತರ ಅಲ್ಲೇ ಸಿಗುತ್ತದೆ. ಮುಂದಿನ ಸಂಚಿಕೆಯ ಡಮ್ಮಿಗೆ, ಅಂದರೆ ಅಚ್ಚಿಗೆ ಮೊದಲಿನ ಮಾದರಿ ಪ್ರತಿಗೆ, ಅವರ ಆಫೀಸಿನಲ್ಲಿ ಬುಕ್ ಅಂತ ಹೆಸರು. ಅದು ರಾತ್ರಿ ಆಕೆಯ ಮನೆಗೆ ಹೋಗುತ್ತಿತ್ತು. ಬೆಳಗ್ಗೆ ಪುಟಗಳಿಗೆ ಚೀಟಿ ಅಂಟಿಸಿಕೊಂಡು ವಾಪಸ್ ಬರುತ್ತಿತ್ತು. ಇದು ಸರಿ, ಇದು ಬೇಡ, ಇದನ್ನು ಮತ್ತೆ ತೆಗೆಯಿರಿ. ಲಕ್ಷಗಟ್ಟಲೆ ಡಾಲರ್ ಖರ್ಚು ಮಾಡಿ ತೆಗೆದ ಫೋಟೋಗಳು ಆ ಚೀಟಿಯ ಮೇಲೆ ಕಸದ ಬುಟ್ಟಿ ಸೇರುತ್ತಿದ್ದವು.

ಈ ಗುಣ ಮನೆಯಿಂದಲೇ ಬಂದದ್ದು ಅಂತ ನನ್ನ ಅನಿಸಿಕೆ. ಅಪ್ಪ ಚಾರ್ಲ್ಸ್ ವಿಂಟೂರ್ ಲಂಡನ್ನಿನ ಈವ್‌ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯ ಸಂಪಾದಕರು. ಸಂಜೆ ಪತ್ರಿಕೆಯಲ್ಲಿ ಗಲ್ಲಕ್ಕೆ ಕೈ ಕೊಟ್ಟು ಯೋಚಿಸಲು ಯಾರಿಗೆ ಪುರಸೊತ್ತು ಇರುತ್ತದೆ ಹೇಳು. ಚಿಕ್ಕವಳಿದ್ದಾಗ ಒಂದು ಫಾರಂ ಕೊಟ್ಟಿದ್ದರಂತೆ, ಮುಂದೆ ಏನಾಗಬೇಕು ಅಂತ ತುಂಬಲು. ಏನು ಬರೆಯಲಿ ಅಂತ ಅಪ್ಪನನ್ನು ಕೇಳಿದರೆ, ವೋಗ್ ಸಂಪಾದಕಿ ಆಗಬೇಕು ಅಂತ ಬರಿ ಅಂದರಂತೆ. ಇದನ್ನು ಆಕೆಯೇ 2009ರ ಒಂದು ಸಾಕ್ಷ್ಯಚಿತ್ರದಲ್ಲಿ ಹೇಳಿಕೊಂಡಿದ್ದಾರೆ.

ಕಾಲೇಜಿಗೆ ಹೋಗಲಿಲ್ಲ. 1970ರಲ್ಲಿ ಲಂಡನ್ನಿನ ಹಾರ್ಪರ್ಸ್ ಆಂಡ್ ಕ್ವೀನ್ ಪತ್ರಿಕೆಯಲ್ಲಿ ಕೆಳಗಿನ ಹುದ್ದೆಗೆ ಸೇರಿದರು. 1975ರಲ್ಲಿ ನ್ಯೂಯಾರ್ಕಿಗೆ, ಹಾರ್ಪರ್ಸ್ ಬಜಾರ್‌ಗೆ. ವರ್ಷ ತುಂಬುವ ಮೊದಲೇ ಅಲ್ಲಿಂದ ತೆಗೆದುಹಾಕಿದರು. ಎಲ್ಲರನ್ನೂ ಒಂದು ಸಲ ಕೆಲಸದಿಂದ ತೆಗೆಯಬೇಕು, ಅದರಿಂದ ಕಲಿಯುವುದು ತುಂಬ ಇದೆ ಅಂತ ಆಮೇಲೆ ಹೇಳಿದ್ದಾರೆ. ತೆಗೆಯುವ ಕುರ್ಚಿಯಲ್ಲಿ ಕೂತ ಮೇಲೆ ಹಾಗೆ ಹೇಳುವುದು ಸುಲಭ, ಬಿಡು. ನಂತರ ಮೂರು ಪತ್ರಿಕೆ ಸುತ್ತಿ 1983ರಲ್ಲಿ ಅಮೆರಿಕದ ವೋಗ್‌ಗೆ ಕ್ರಿಯೇಟಿವ್ ಡೈರೆಕ್ಟರ್ ಆಗಿ ಬಂದರು. 1986ರಲ್ಲಿ ಬ್ರಿಟಿಷ್ ವೋಗ್ ಸಂಪಾದಕಿ. 1987ರಲ್ಲಿ ಮನೆ ಅಲಂಕಾರದ ಹೌಸ್ ಆಂಡ್ ಗಾರ್ಡನ್. ಸೋಫಾ ಇರಬೇಕಾದ ಕಡೆ ಗೌನು ತುಂಬಿಸಿದರು ಅಂತ ಹಳೆಯ ಓದುಗರು ಗೊಣಗಿದರು. ಅಲ್ಲಿಂದ ಒಂದೇ ವರ್ಷಕ್ಕೆ, 1988ರಲ್ಲಿ, ಅಪ್ಪ ಫಾರಂನಲ್ಲಿ ಬರೆಸಿದ್ದ ಕುರ್ಚಿ.

ಆ ಕುರ್ಚಿ ಖಾಲಿಯಾದ ರೀತಿಯೂ ಗೊತ್ತಿರಲಿ. ಮೊದಲು ಅಲ್ಲಿದ್ದವರು ಗ್ರೇಸ್ ಮಿರಾಬೆಲ್ಲಾ. 1971ರಿಂದ ಇದ್ದರು. ಪತ್ರಿಕೆಯ ಮಾರಾಟವನ್ನು 4 ಲಕ್ಷದಿಂದ 12 ಲಕ್ಷಕ್ಕೆ ಏರಿಸಿದ್ದರು. ಆದರೆ 1985ರಲ್ಲಿ ಫ್ರಾನ್ಸಿನ ಎಲ್ ಪತ್ರಿಕೆ ಅಮೆರಿಕಕ್ಕೆ ಕಾಲಿಟ್ಟು ಸರಸರ ಬೆಳೆಯಿತು. ಅದು ಬಣ್ಣ ಬಣ್ಣ, ಚುರುಕು, ಹುಡುಗಿಯರ ಪತ್ರಿಕೆ. ವೋಗ್ ಪಕ್ಕದಲ್ಲಿ ಇಟ್ಟರೆ ವೋಗ್ ಮುದುಕಿಯ ಹಾಗೆ ಕಾಣುತ್ತಿತ್ತು. ಮಾಲೀಕರು ಗಾಬರಿಯಾದರು. ತನ್ನ ಕೆಲಸ ಹೋಗಿದೆ ಅಂತ ಮಿರಾಬೆಲ್ಲಾ ಅವರಿಗೆ ಗೊತ್ತಾದದ್ದು ಟೀವಿ ಗಾಸಿಪ್ ಕಾರ್ಯಕ್ರಮದಿಂದ. ಆಫೀಸಿನಿಂದ ಒಂದು ಫೋನೂ ಬಂದಿರಲಿಲ್ಲ. ಹದಿನೇಳು ವರ್ಷದ ಸೇವೆಗೆ ಇದು ಮರ್ಯಾದೆ. ನಿನ್ನ ಭಾಷಣದಲ್ಲಿ ಆಕೆಗೂ ಅರ್ಧ ನಿಮಿಷ ಕೊಡು.

ಈಗ ಕವರ್ ಪೇಜ್. 1988ರ ನವೆಂಬರ್ ಸಂಚಿಕೆ ಹುಡುಕಿ ನೋಡು. ನಾನು ನೋಡಿದ್ದು ಬ್ರಿಗೇಡ್ ರೋಡ್ ಫುಟ್‌ಪಾತ್‌ನಲ್ಲಿ, ಹಳೆಯ ವಿದೇಶಿ ಪತ್ರಿಕೆಗಳ ರಾಶಿಯಲ್ಲಿ, ಮೂಲೆ ಮಡಚಿದ ಪ್ರತಿ. ಅದಕ್ಕೂ ಮುಂಚೆ ವರ್ಷಗಟ್ಟಲೆ ವೋಗ್ ಕವರ್ ಅಂದರೆ ರಿಚರ್ಡ್ ಅವೆಡಾನ್ ಸ್ಟುಡಿಯೋದಲ್ಲಿ ತೆಗೆದ ಮುಖ. ದೊಡ್ಡ ಓಲೆ, ದಟ್ಟ ಮೇಕಪ್, ನೇರ ನೋಟ. ವಿಂಟೂರ್ ತಂದ ಮೊದಲ ಕವರಿನಲ್ಲಿ ಇಸ್ರೇಲಿನ ಮಾಡೆಲ್ ಮಿಕೇಲಾ ಬೆರ್ಕು. ಫೋಟೋ ಪೀಟರ್ ಲಿಂಡ್‌ಬರ್ಗ್ ಅವರದ್ದು. ಬೀದಿಯಲ್ಲಿ ನಡೆದು ಬರುವಾಗ ಯಾರೋ ತೆಗೆದ ಹಾಗಿದೆ. ಕೂದಲು ಗಾಳಿಗೆ ಹಾರಿ ಮುಖಕ್ಕೆ ಬಂದಿದೆ. ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಅನ್ನುವ ಹಾಗಿದೆ. ನಗುತ್ತಿದ್ದಾಳೆ, ಆದರೆ ನಮ್ಮನ್ನು ನೋಡಿ ಅಲ್ಲ. ಮೇಲೆ ಕ್ರಿಸ್ಟಿಯನ್ ಲಕ್ರ್ವಾ ಅವರ 10,000 ಡಾಲರಿನ ಜಾಕೆಟ್, ಎದೆಯ ಮೇಲೆ ಹೊಳೆಯುವ ಕಲ್ಲುಗಳ ದೊಡ್ಡ ಶಿಲುಬೆ. ಕೆಳಗೆ 50 ಡಾಲರಿನ ಮಾಸಿದ ಗೆಸ್ ಜೀನ್ಸ್. ಎರಡರ ನಡುವೆ ಹೊಟ್ಟೆ ಸ್ವಲ್ಪ ಕಾಣುತ್ತದೆ.

ಪ್ರಿಂಟರ್ ಫೋನ್ ಮಾಡಿದರಂತೆ. ಇದೇ ಕವರಾ, ಏನಾದರೂ ತಪ್ಪಾಗಿ ಬಂದಿದೆಯಾ ಅಂತ. ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟದ ಪಾತ್ರ ಆ ಪ್ರಿಂಟರ್.

ಅಲ್ಲಿಯವರೆಗೆ ಸಾವಿರಾರು ಡಾಲರಿನ ಬಟ್ಟೆ ಅಂದರೆ ತಲೆಯಿಂದ ಕಾಲಿನವರೆಗೆ ಅದೇ ದರ್ಜೆಯ ಬಟ್ಟೆ ಹಾಕಬೇಕು ಅಂತ ಇತ್ತು. ಆ ಕವರ್ ಬಂದ ಮೇಲೆ ದುಬಾರಿಯದ್ದನ್ನೂ ಅಗ್ಗದ್ದನ್ನೂ ಬೆರೆಸಿ ಹಾಕುವುದು ಜಾಣತನ ಅನಿಸಿಕೊಂಡಿತು. ಬಟ್ಟೆ ಲಕ್ರ್ವಾ ಅವರದ್ದು, ಫೋಟೋ ಲಿಂಡ್‌ಬರ್ಗ್ ಅವರದ್ದು, ಜೋಡಿಸಿದ್ದು ಸ್ಟೈಲಿಸ್ಟ್. ಆದರೆ ಕಣ್ಣು ಮುಚ್ಚಿದ ಈ ಫೋಟೋನೇ ಇರಲಿ ಅಂದದ್ದು ಸಂಪಾದಕಿ. ಬಿದ್ದಿದ್ದರೆ ಆಕೆಯ ತಲೆಯೇ ಉರುಳುತ್ತಿತ್ತು. ಬೇರೆ ಯಾರದ್ದೂ ಅಲ್ಲ.

ಮರುವರ್ಷ ಮೇ ತಿಂಗಳ ಕವರಿಗೆ ಮಡೋನಾ. ಅದರ ಹಿಂದಿನ ಕಥೆ ಚೆನ್ನಾಗಿದೆ. ವಿಮಾನದಲ್ಲಿ ಪಕ್ಕ ಕೂತ ಒಬ್ಬರು, ವೋಗ್ ಅಂದರೆ ಆಡ್ರೆ ಹೆಪ್ಬರ್ನ್ ಥರದ ಘನತೆ, ಅಲ್ಲಿ ಮಡೋನಾ ಅಂಥವರು ಬರುವುದೇ ಇಲ್ಲ ಅಂದರಂತೆ. ಅದನ್ನು ಕೇಳಿಯೇ ಮಡೋನಾ ಹಾಕಬೇಕು ಅಂತ ತೀರ್ಮಾನಿಸಿದೆ ಅನ್ನುತ್ತಾರೆ ವಿಂಟೂರ್. ಆಮೇಲೆ ಮಾಡೆಲ್‌ಗಳು ಹಿಂದೆ ಸರಿದು ನಟಿಯರು, ಗಾಯಕಿಯರು ಕವರಿಗೆ ಬಂದರು. 1998ರ ಡಿಸೆಂಬರ್‌ನಲ್ಲಿ ಹಿಲರಿ ಕ್ಲಿಂಟನ್ ಕೂಡ ಬಂದರು. ಉಳಿದ ಪತ್ರಿಕೆಗಳೂ ಅದೇ ದಾರಿ ಹಿಡಿದವು.

ಗುಡುಗು ಶುರುವಾಗಿದೆ, ಕರೆಂಟ್ ಹೋಗುವ ಲಕ್ಷಣ ಇದೆ. ಉಳಿದದ್ದು ಆಮೇಲೆ.

ಗೋಣಿಕೊಪ್ಪ_ಟೈಲರ್

ಕರಿಮೆಣಸು ಅಕ್ಕ ಬರೆದದ್ದು ಓದಿ ಖುಷಿಯಾಯಿತು. ಆದರೆ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ನಮ್ಮ ಕಸುಬಿನ ವಿಷಯ ಆದ್ದರಿಂದ ಹೇಳುತ್ತೇನೆ.

ಆ ಲಕ್ರ್ವಾ ಜಾಕೆಟ್ ಒಂಟಿ ಜಾಕೆಟ್ ಅಲ್ಲ. ಸೂಟ್. ಅದಕ್ಕೆ ಸ್ಕರ್ಟ್ ಇತ್ತು. ಬೆರ್ಕು ರಜೆಗೆ ಊರಿಗೆ ಹೋಗಿ ಸ್ವಲ್ಪ ಮೈ ತುಂಬಿಕೊಂಡು ಬಂದಿದ್ದರು, ಸ್ಕರ್ಟ್ ಹಿಡಿಸಲಿಲ್ಲ. ಇದನ್ನು ವಿಂಟೂರ್ ಅವರೇ ಬರೆದಿದ್ದಾರೆ. ಅಂದರೆ ಫ್ಯಾಷನ್ ಚರಿತ್ರೆ ಬದಲಾಯಿಸಿದ ಕವರ್ ಹುಟ್ಟಿದ್ದು ಸೊಂಟದ ಅಳತೆ ಸಾಲದೆ!

ನಮ್ಮ ಅಂಗಡಿಯಲ್ಲಿ ಮದುವೆ ಸೀಸನ್ ಪೂರ್ತಿ ಇದೇ ಪಾಡು. ಕುಪ್ಯ, ಅದೇ ಕೊಡವ ಗಂಡಸರ ಉದ್ದ ಕೋಟು, ಆದರೆ ತೊಂದರೆ ಇಲ್ಲ. ಮುಂದೆ ಒಂದರ ಮೇಲೊಂದು ಬರುತ್ತದೆ, ಮೇಲೆ ಸೊಂಟಕ್ಕೆ ಚೇಲೆ ವಸ್ತ್ರ ಬಿಗಿದರೆ ಆಯಿತು, ಮದುಮಗ ಎರಡು ಕೆಜಿ ಜಾಸ್ತಿ ಆದರೂ ತಡೆದುಕೊಳ್ಳುತ್ತದೆ. ರವಿಕೆ ಹಾಗಲ್ಲ. ಅಳತೆ ಕೊಟ್ಟು ಹೋದವರು ನೆಂಟರ ಮನೆಯಲ್ಲಿ ಪಂದಿಕರಿ, ಕಡುಂಬುಟ್ಟು ಊಟ ಮಾಡಿಕೊಂಡು ಬಂದು, ಟೈಟ್ ಹೊಲಿದಿದ್ದೀರಿ ಅಂತ ನಮ್ಮನ್ನೇ ಬೈಯುತ್ತಾರೆ. ಅದಕ್ಕೇ ಪಕ್ಕದ ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಿರುತ್ತೇವೆ. ಬಿಚ್ಚಿ ಸಡಿಲ ಮಾಡಬಹುದು. ಪ್ಯಾರಿಸ್‌ನಿಂದ ಬಂದ ಸ್ಯಾಂಪಲ್ ಬಟ್ಟೆಯನ್ನು ಹಾಗೆ ಬಿಚ್ಚಲು ಆಗುತ್ತದೆಯೇ? ಅದು ಒಬ್ಬ ತೆಳ್ಳಗಿನ ಹುಡುಗಿಯ ಅಳತೆಗೆ ಆಗಿರುತ್ತದೆ, ಫೋಟೋ ಮುಗಿದ ಮೇಲೆ ವಾಪಸ್ ಹೋಗಬೇಕು. ಬಟ್ಟೆ ಬದಲಾಗುವುದಿಲ್ಲ, ಹುಡುಗಿಯೇ ಬಟ್ಟೆಗೆ ತಕ್ಕ ಹಾಗೆ ಇರಬೇಕು. ಆ ಪತ್ರಿಕೆಗಳಲ್ಲಿ ಎಲ್ಲರೂ ಯಾಕೆ ಕಡ್ಡಿಯ ಹಾಗೆ ಇರುತ್ತಾರೆ ಅಂದರೆ ಇದೂ ಒಂದು ಕಾರಣ.

ಇನ್ನೊಂದು ತಮಾಷೆ. ಒಂದು ಹುತ್ತರಿಗೆ ಒಬ್ಬ ಹುಡುಗ ಕುಪ್ಯದ ಕೆಳಗೆ ಜೀನ್ಸ್ ಹಾಕಿಕೊಂಡು ಮಂದ್‌ಗೆ (ಊರವರು ಸೇರುವ ಮೈದಾನಕ್ಕೆ) ಬಂದಿದ್ದ. ಹಿರಿಯರು ಅಲ್ಲಿಂದಲೇ ಮನೆಗೆ ಅಟ್ಟಿದರು. ಪೀಚೆಕತ್ತಿ ಬೇರೆ ಸಿಕ್ಕಿಸಿಕೊಂಡಿದ್ದ, ಪಾಪ. ವಿಂಟೂರ್ ನೋಡಿದ್ದರೆ ಕವರಿಗೆ ಹಾಕುತ್ತಿದ್ದರೋ ಏನೋ.

ಕುಶಾಲನಗರದವ

ಸುಮ್ನೆ ದೇವರ ಪಟ್ಟ ಕಟ್ಟಬೇಡಿ. ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಮರ್ಚಂಡೈಸರ್. ಈ ಲೋಕವನ್ನು ಹಿಂಬಾಗಿಲಿನಿಂದ ನೋಡಿದವನು. ಬೇಡ ಅನ್ನುವುದೇ ಕೆಲಸ ಅಂದಿರಿ. ಸರಿ. ಯಾರನ್ನು ಬೇಡ ಅಂದರು ಅಂತಲೂ ಕೇಳಬೇಕು ಅಲ್ವಾ?

ವೋಗ್ ಶುರುವಾದದ್ದು 1892ರಲ್ಲಿ. ಅದರ ಕವರ್ ಫೋಟೋವನ್ನು ಮೊದಲ ಸಲ ಒಬ್ಬ ಕಪ್ಪು ವರ್ಣೀಯ ಫೋಟೋಗ್ರಾಫರ್ ತೆಗೆದದ್ದು 2018ರ ಸೆಪ್ಟೆಂಬರ್ ಸಂಚಿಕೆಗೆ. ಫೋಟೋಗ್ರಾಫರ್ ಟೈಲರ್ ಮಿಚೆಲ್, ಆಗ 23 ವರ್ಷದ ಹುಡುಗ. ಕವರಿನಲ್ಲಿದ್ದವರು ಬಿಯಾನ್ಸೆ. 126 ವರ್ಷ! ಅದರಲ್ಲಿ ಕೊನೆಯ 30 ವರ್ಷ ಕುರ್ಚಿಯಲ್ಲಿ ಇದ್ದವರು ಯಾರು? 2020ರ ಜೂನ್‌ನಲ್ಲಿ ಅಮೆರಿಕದಲ್ಲಿ ಪ್ರತಿಭಟನೆ ಎದ್ದಾಗ ಅವರೇ ಸಿಬ್ಬಂದಿಗೆ ಪತ್ರ ಬರೆದು, ಕಪ್ಪು ವರ್ಣೀಯರಿಗೆ ಸಾಕಷ್ಟು ಜಾಗ ಕೊಡಲಿಲ್ಲ, ನೋಯಿಸುವಂಥ ಚಿತ್ರಗಳನ್ನೂ ಹಾಕಿದ್ದೇವೆ, ಹೊಣೆ ನನ್ನದು ಅಂತ ಒಪ್ಪಿಕೊಂಡರು. ಕೆಲವೇ ತಿಂಗಳಿಗೆ, 2021ರ ಫೆಬ್ರವರಿ ಕವರಿಗೆ ಕಮಲಾ ಹ್ಯಾರಿಸ್ ಬಂದರು. ಕ್ಯಾನ್ವಾಸ್ ಶೂ, ಸಾದಾ ಕೋಟು. ಆಕೆಯ ಕಡೆಯವರು ನೀಲಿ ಸೂಟಿನ ಫೋಟೋ ಕವರಿಗೆ ಬರುತ್ತದೆ ಅಂದುಕೊಂಡಿದ್ದರಂತೆ. ಉಪಾಧ್ಯಕ್ಷೆಗೆ ಮರ್ಯಾದೆ ಕಡಿಮೆಯಾಯಿತು ಅಂತ ದೊಡ್ಡ ಗಲಾಟೆ. ಕೊನೆಗೆ ನೀಲಿ ಸೂಟಿನ ಕವರ್ ಹಾಕಿ ಇನ್ನೊಂದು ವಿಶೇಷ ಮುದ್ರಣ ತಂದರು.

ಪ್ರಾಣಿಗಳ ತುಪ್ಪಳದ ಕೋಟುಗಳನ್ನು ಬೇರೆಯವರು ಬಿಟ್ಟ ಮೇಲೂ ಪುಟಗಳಿಂದ ಬಿಡಲಿಲ್ಲ. ಪ್ರತಿಭಟನೆಯವರು ರೆಸ್ಟೋರೆಂಟಿನಲ್ಲಿ ಆಕೆಯ ತಟ್ಟೆಗೆ ಸತ್ತ ರಕೂನ್ ಎಸೆದದ್ದೂ ಉಂಟು.

ಒಳ್ಳೆಯದನ್ನೂ ಹೇಳುತ್ತೇನೆ, ಇಲ್ಲದಿದ್ದರೆ ಅನ್ಯಾಯ. 1994ರಲ್ಲಿ ಡಿಸೈನರ್ ಜಾನ್ ಗ್ಯಾಲಿಯಾನೋ ಹತ್ತಿರ ಶೋ ಮಾಡಲು ದುಡ್ಡೇ ಇರಲಿಲ್ಲ. ವಿಂಟೂರ್ ಕಡೆಯವರು ಹಣ ಹಾಕುವವರನ್ನು ಹುಡುಕಿಕೊಟ್ಟರು. ಪ್ಯಾರಿಸ್‌ನಲ್ಲಿ ಒಬ್ಬ ಶ್ರೀಮಂತ ಮಹಿಳೆಯ ಖಾಲಿ ಬಂಗಲೆ ಸಿಕ್ಕಿತು. ಇದ್ದ ಸ್ವಲ್ಪ ಕಪ್ಪು ಬಟ್ಟೆಯಲ್ಲೇ ಬಹುಪಾಲು ಉಡುಪು ಹೊಲಿದರು, ದೊಡ್ಡ ಮಾಡೆಲ್‌ಗಳು ಪುಕ್ಕಟೆ ನಡೆದರು. ಎರಡೇ ವರ್ಷದಲ್ಲಿ ಆತ ದೊಡ್ಡ ಫ್ಯಾಷನ್ ಕಂಪನಿ ದಿಯೋರ್ ಸೇರಿದ. ಹೊಸಬರಿಗೆ ಹಣ ಕೊಡುವ ಫ್ಯಾಷನ್ ಫಂಡ್ ಕೂಡ 2003ರಲ್ಲಿ ಆಕೆಯ ಮುಂದಾಳತ್ವದಲ್ಲೇ ಶುರುವಾದದ್ದು. ಒಂದು ಫೋನ್ ಕರೆಯಲ್ಲಿ ಡಿಸೈನರ್ ಬದುಕು ಬದಲಾಗುತ್ತದೆ ಅಂದರೆ ಅದು ಸಂಪಾದಕಿಯ ಕೆಲಸವೋ ಪಾಳೆಯಗಾರನ ಕೆಲಸವೋ ನೀವೇ ಹೇಳಿ.

ವಿರಾಜಪೇಟೆ_ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಭಾಷಣಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಸಿಕ್ಕಿದೆ. ಟೈಲರ್ ಅಣ್ಣ, ಸ್ಕರ್ಟ್ ಕಥೆಯಿಂದಲೇ ಶುರು ಮಾಡುತ್ತೇನೆ, ಆಂಟಿಯರು ನಗುತ್ತಾರೆ.

ಕರಿಮೆಣಸು ಅಕ್ಕ, ನನ್ನ ನಿಜವಾದ ಸಂಕಟ ಬೇರೆ. ಫೋಟೋ ರಾಶಿಯಲ್ಲಿ ಒಂದು ಸಿಕ್ಕಿದೆ. ಮದುಮಗಳಲ್ಲ. ನಾಪೋಕ್ಲು ಕಡೆಯ ಒಬ್ಬ ಆಂಟಿ. ಮದುವೆ ಮನೆಯಿಂದ ಆಗ ತಾನೇ ಬಂದಿದ್ದಾರೆ, ಮೈಮೇಲೆ ರೇಷ್ಮೆ ಸೀರೆ, ಕೊಡವ ಶೈಲಿಯಲ್ಲೇ ಉಟ್ಟಿದ್ದು. ಅಷ್ಟರಲ್ಲಿ ಅಕಾಲ ಮಳೆ. ಕಣದಲ್ಲಿ ಕಾಫಿ ಒಣಗಲು ಹಾಕಿದೆ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಗಂಬೂಟ್ ಹಾಕಿಕೊಂಡು, ನೀಲಿ ಟಾರ್ಪಾಲಿನ ತುದಿಯನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದಾರೆ. ಬಾಯಿ ತೆರೆದಿದೆ, ಯಾರಿಗೋ ಕೂಗುತ್ತಿದ್ದಾರೆ. ಮಗ ಮೊಬೈಲಿನಲ್ಲಿ ತೆಗೆದದ್ದು. ನನಗೆ ಅದೇ ಕವರಿಗೆ ಬೇಕು ಅನಿಸಿದೆ. ಅಧ್ಯಕ್ಷೆ ಆಂಟಿ ನೋಡಿ, ಗಂಬೂಟ್ ಕವರ್ ಪೇಜಿಗಾ, ಜನ ಏನಂತಾರೆ, ಎಲ್ಲರದ್ದೂ ಚಿಕ್ಕ ಚಿಕ್ಕದಾಗಿ ಹಾಕಿಬಿಡು ಅಂದರು. ಬೇಡ ಅನ್ನುವುದು ಹೇಗೆ? ಎಲ್ಲರೂ ನನ್ನನ್ನು ತೊಟ್ಟಿಲಿನಿಂದ ನೋಡಿದವರು.

ಮೇಲಿಂದ, ಹಿಂಬದಿ ಪುಟಕ್ಕೆ ಜಾಹೀರಾತು ಕೊಡುವ ಸೀರೆ ಅಂಗಡಿಯವರು ತಮ್ಮ ಸೀರೆಯೇ ಕವರಿನಲ್ಲಿ ಬರಬೇಕು ಅನ್ನುತ್ತಿದ್ದಾರೆ.

ಕರಿಮೆಣಸು

ಕರೆಂಟ್ ಬಂತು. ಒಂದೊಂದಾಗಿ ಹೇಳುತ್ತೇನೆ.

ಕುಶಾಲನಗರದ ತಮ್ಮ, ನೀನು ಬರೆದದ್ದರಲ್ಲಿ ಒಂದಕ್ಷರ ತೆಗೆಯುವ ಹಾಗಿಲ್ಲ. ಬೇಡ ಅನ್ನುವ ಅಧಿಕಾರ ಒಬ್ಬರ ಕೈಯಲ್ಲೇ ಇಷ್ಟು ವರ್ಷ ಇದ್ದರೆ ಅವರ ಕಣ್ಣಿಗೆ ಬೀಳದವರು ಪುಟಕ್ಕೂ ಬೀಳುವುದಿಲ್ಲ. ತಂಗಿ, ಇದನ್ನೂ ಭಾಷಣದಲ್ಲಿ ಸೇರಿಸು. ಬರೀ ಹೊಗಳಿದರೆ ಸಂತಾಪ ಸಭೆಯ ಹಾಗಾಗುತ್ತದೆ. ಆಕೆ ಇನ್ನೂ ಗಟ್ಟಿಯಾಗಿಯೇ ಇದ್ದಾರೆ. 2025ರಲ್ಲಿ ಬಿಟ್ಟದ್ದು ಅಮೆರಿಕದ ವೋಗ್‌ನ ದಿನದ ಕೆಲಸ ಮಾತ್ರ. ಅದಕ್ಕೆ ಕ್ಲೋಯಿ ಮ್ಯಾಲ್ ಬಂದರು, ನಟಿ ಕ್ಯಾಂಡಿಸ್ ಬರ್ಗನ್ ಮಗಳು. ಎಲ್ಲ ದೇಶಗಳ ವೋಗ್ ಮೇಲಿನ ಹಿಡಿತ ವಿಂಟೂರ್ ಕೈಯಲ್ಲೇ ಉಳಿದಿದೆ. ಕೀಲಿಕೈ ಗೊಂಚಲು ಸೊಸೆಗೆ ಕೊಟ್ಟು ತಿಜೋರಿ ಕೀಲಿ ಮಾತ್ರ ಸೊಂಟದಲ್ಲೇ ಇಟ್ಟುಕೊಂಡ ಅತ್ತೆ.

ಈಗ ಜಾಹೀರಾತು. ಇದರಲ್ಲಿ ನಾಚಿಕೆ ಬೇಡ. 2007ರ ಸೆಪ್ಟೆಂಬರ್ ವೋಗ್ 840 ಪುಟ ಇತ್ತು. ಅದರಲ್ಲಿ 727 ಪುಟ ಜಾಹೀರಾತು. ಅಷ್ಟು ದುಡ್ಡು ಕೊಟ್ಟವರ ಬಟ್ಟೆ ಒಳಗಿನ ಫೋಟೋಗಳಲ್ಲಿ ಕಾಣದೆ ಇರುತ್ತದೆಯೇ? ಕಾಣುತ್ತದೆ. ಓದುಗರಿಗೂ ಗೊತ್ತು. ವಿಂಟೂರ್ ಅವರ ನಿಜವಾದ ಚಾಣಾಕ್ಷತನ ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ದುಡ್ಡು ಕೊಡುವವರಿಗೆ ಅಲ್ಲಿ ಕಾಣಿಸಿಕೊಳ್ಳುವುದೇ ಗೌರವ ಅನ್ನುವ ಹಾಗೆ ಮಾಡಿದರು. ಮೆಟ್ ಗಾಲಾ ಕೂಡ ಅದೇ. ಮೂಲದಲ್ಲಿ ಅದು ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನ ಉಡುಪು ವಿಭಾಗಕ್ಕೆ ಚಂದಾ ಎತ್ತುವ ಊಟ. 1948ರಲ್ಲಿ ಶುರುವಾದಾಗ ಟಿಕೆಟ್ 50 ಡಾಲರ್. 1995ರಲ್ಲಿ ವಿಂಟೂರ್ ಕೈಗೆ ಬಂತು. 2025ರಲ್ಲಿ ಒಂದು ಸೀಟಿಗೆ 75,000 ಡಾಲರ್, ಒಂದೇ ರಾತ್ರಿ 3 ಕೋಟಿ 10 ಲಕ್ಷ ಡಾಲರ್ ಸಂಗ್ರಹ. ದುಡ್ಡಿದ್ದರೂ ಸಾಲದು, ಅತಿಥಿಗಳ ಪಟ್ಟಿಗೆ ಆಕೆಯ ಒಪ್ಪಿಗೆ ಬೇಕು. ಅಂದಹಾಗೆ 2023ರಲ್ಲಿ ಅವರೆಲ್ಲ ನಡೆದ ಆ ಉದ್ದದ ಕಾರ್ಪೆಟ್ ನೇಯ್ದದ್ದು ನಮ್ಮ ಪಕ್ಕದ ಕೇರಳದ ಆಲಪ್ಪುಳ ಜಿಲ್ಲೆಯಲ್ಲಿ. ಮಾಕುಟ್ಟ ಘಾಟ್ ಇಳಿದು ದಕ್ಷಿಣಕ್ಕೆ ಹೋದರೆ ಸಿಗುವ ಊರು. ಭಾಷಣದಲ್ಲಿ ಹೇಳು, ಚಪ್ಪಾಳೆ ಬೀಳುತ್ತದೆ.

ನಿನ್ನ ಸೀರೆ ಅಂಗಡಿಯವರಿಗೆ ಹಿಂಬದಿ ಪುಟ ಪೂರ್ತಿ ಕೊಡು, ಬಣ್ಣದಲ್ಲಿ ಕೊಡು. ಬಿಡುಗಡೆ ದಿನ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸು. ಕವರ್ ಮಾತ್ರ ಕೊಡಬೇಡ. ಈ ವರ್ಷ ಕೊಟ್ಟರೆ ಮುಂದಿನ ವರ್ಷ ಅದು ಅವರ ಹಕ್ಕು.

ಆಂಟಿಯರ ವಿಷಯ. ಅಲ್ಲೂ ಒಂದು ಕಥೆ ಇದೆ. ಗ್ರೇಸ್ ಕಾಡಿಂಗ್ಟನ್ ಅಂತ ಕೆಂಪು ಕೂದಲಿನ ಹೆಂಗಸು, ವೇಲ್ಸ್‌ನವರು, ಹಿಂದೆ ಮಾಡೆಲ್. ವಿಂಟೂರ್ ಜೊತೆಗೇ 1988ರಲ್ಲಿ ಅಮೆರಿಕದ ವೋಗ್ ಸೇರಿದವರು, ಆಮೇಲೆ ಅಲ್ಲಿನ ಕ್ರಿಯೇಟಿವ್ ಡೈರೆಕ್ಟರ್. ಆ ಪತ್ರಿಕೆಯ ಅತಿ ಸುಂದರ ಪುಟಗಳು ಆಕೆ ಮಾಡಿದ್ದು ಅನ್ನುತ್ತೇನೆ ನಾನು. ಮೊದಲು ಹೇಳಿದ ಸಾಕ್ಷ್ಯಚಿತ್ರ ತೆಗೆಯುವಾಗ ಕಾಡಿಂಗ್ಟನ್ ಆ ಕ್ಯಾಮೆರಾಮನ್ನನ್ನೇ ಮಾಡೆಲ್ ಜೊತೆ ಹಾರಿಸಿ ಫೋಟೋ ತೆಗೆಸಿದರು. ಆತನಿಗೆ ಹೊಟ್ಟೆ ಇತ್ತು. ಕಂಪ್ಯೂಟರಿನಲ್ಲಿ ಹೊಟ್ಟೆ ಸಣ್ಣ ಮಾಡಿ ಅಂದರು ವಿಂಟೂರ್. ಕಾಡಿಂಗ್ಟನ್ ನೇರ ಫೋನ್ ಎತ್ತಿ, ಆ ಹೊಟ್ಟೆ ಮುಟ್ಟಬೇಡಿ ಅಂದರು. ಎಲ್ಲರೂ ತಿದ್ದಿ ತೀಡಿದವರೇ ಇರಬೇಕಾಗಿಲ್ಲ, ಮಾಡೆಲ್‌ಗಳು ಇದ್ದಾರಲ್ಲ ಅಷ್ಟು ಸಾಲದೇ ಅಂತ. ಹೊಟ್ಟೆ ಇದ್ದ ಹಾಗೆಯೇ ಅಚ್ಚಾಯಿತು. ಎಷ್ಟು ಗಟ್ಟಿ ಸಂಪಾದಕಿಯಾದರೂ ಆಫೀಸಿನಲ್ಲಿ ಎದುರು ಮಾತಾಡುವ ಒಬ್ಬರು ಇದ್ದರೆ ಪತ್ರಿಕೆ ಉಳಿಯುತ್ತದೆ. ನೀನು ಈಗ ಸಂಪಾದಕಿ, ಜೊತೆಗೆ ಅಧ್ಯಕ್ಷೆಗೆ ಎದುರು ಮಾತಾಡಬೇಕಾದವಳೂ ನೀನೇ. ಎರಡೂ ನಿನ್ನ ತಲೆಗೇ ಬಂದಿದೆ.

ಹೀಗೆ ಮಾಡು. ಎಲ್ಲ ಮದುವೆ ಫೋಟೋಗಳನ್ನು ಮಧ್ಯದ ಎರಡು ಪುಟಕ್ಕೆ ಹಾಕು, ಇಸವಿ ಪ್ರಕಾರ ಸಾಲಾಗಿ. ಹಳೆಯದು ಮೊದಲು. ಕೆಳಗೆ ಹೆಸರು, ಊರು, ಸೀರೆ ಎಲ್ಲಿಂದ ತಂದದ್ದು, ಪದಕ ಯಾರದ್ದು ಅಂತ ಒಂದೊಂದು ಸಾಲು. ಆಗ ಒಂದೇ ಥರ ಕಾಣುವ ಫೋಟೋಗಳಲ್ಲಿ ರವಿಕೆಯ ತೋಳು ಗಿಡ್ಡವಾಗುತ್ತಾ, ಉದ್ದವಾಗುತ್ತಾ ಬಂದದ್ದು ಕಾಣುತ್ತದೆ. ತಮ್ಮ ಹೆಸರು ಸರಿಯಾಗಿ ಅಚ್ಚಾದರೆ ಅರ್ಧ ಆಂಟಿಯರು ಕವರ್ ಮರೆಯುತ್ತಾರೆ. ಉಳಿದ ಅರ್ಧ ನಿನ್ನ ಮದುವೆವರೆಗೂ ನೆನಪಿಟ್ಟುಕೊಳ್ಳುತ್ತಾರೆ, ಅದಕ್ಕೆ ಮದ್ದಿಲ್ಲ.

ಕವರಿಗೆ ಗಂಬೂಟ್ ಆಂಟಿ. ಒಬ್ಬರೇ, ಪುಟದ ತುಂಬ. ಅವರ ಒಪ್ಪಿಗೆ ಮೊದಲು ತೆಗೆದುಕೊ, ಅಧ್ಯಕ್ಷೆಗೆ ಆಮೇಲೆ ಹೇಳು. ಚಿಕ್ಕ ಚಿಕ್ಕದಾಗಿ ಎಲ್ಲರನ್ನೂ ಹಾಕಿದರೆ ಅದು ಕವರ್ ಅಲ್ಲ, ರೇಷನ್ ಕಾರ್ಡ್.

ಗೋಣಿಕೊಪ್ಪ_ಟೈಲರ್

ಗಂಬೂಟ್ ಆಂಟಿಗೆ ನನ್ನದೂ ಒಂದು ಓಟು. ಆ ಫೋಟೋದಲ್ಲಿ ಹಿಂದಿನ ನೆರಿಗೆ ಕಾಣುತ್ತಿದೆಯಾ? ಸೀರೆ ಎತ್ತಿ ಕಟ್ಟಿದರೂ ನೆರಿಗೆ ಬಿಚ್ಚಿಲ್ಲ ಅಂದರೆ ಆಂಟಿ ಉಟ್ಟದ್ದು ಬಲು ಗಟ್ಟಿ.

ವಿರಾಜಪೇಟೆ_ಹುಡುಗಿ

ಕಾಣುತ್ತಿದೆ ಅಣ್ಣ, ಅವರು ಪಕ್ಕಕ್ಕೆ ತಿರುಗಿದ್ದಾರೆ. ನೆರಿಗೆ ಬಿಚ್ಚಿಲ್ಲ.

ಆಂಟಿಗೆ ಫೋನ್ ಮಾಡಿದೆ. ಮೊದಲು ಬೈದರು, ಆಮೇಲೆ ಕೂದಲು ಕೆದರಿದೆಯಾ ಅಂತ ಕೇಳಿದರು, ಆಮೇಲೆ ಹಾಕಿಕೋ ಅಂದರು. ಅಧ್ಯಕ್ಷೆ ಇನ್ನೂ ಒಪ್ಪಿಲ್ಲ. ಗುರುವಾರ ಫೈಲ್ ಪ್ರೆಸ್ಸಿಗೆ ಹೋಗಬೇಕು. ಅಷ್ಟರೊಳಗೆ ಒಮ್ಮೆ ಅವರ ಮನೆಗೇ ಹೋಗಿ ಮಾತಾಡುತ್ತೇನೆ. ಅಕ್ಕ, ಬೇರೆ ಏನಾದರೂ ನೋಡಿಕೊಳ್ಳಬೇಕಾ?

ಕರಿಮೆಣಸು

ವಾಟ್ಸಾಪ್‌ನಲ್ಲಿ ಬಂದ ಫೋಟೋ ಪ್ರೆಸ್ಸಿಗೆ ಕೊಡಬೇಡ, ಅದು ಕುಗ್ಗಿರುತ್ತದೆ, ಕವರಿಗೆ ಹಿಗ್ಗಿಸಿದರೆ ಒಡೆದುಹೋಗುತ್ತದೆ. ಆಂಟಿಯ ಮಗನಿಗೆ ಹೇಳಿ ಮೂಲ ಫೈಲನ್ನೇ ಇಮೇಲಿನಲ್ಲಿ ತರಿಸಿಕೊ. ಅಧ್ಯಕ್ಷೆ ಮನೆಗೆ ಹೋಗುವಾಗ ಫೋನಿನಲ್ಲಿ ತೋರಿಸಬೇಡ, ಕವರ್ ಅಳತೆಗೆ ಒಂದು ಕಲರ್ ಪ್ರಿಂಟ್ ತೆಗೆಸಿ, ಸಂಚಿಕೆಯ ಹೆಸರು ಸಮೇತ ಕೈಗೆ ಕೊಡು. ಟಾರ್ಪಾಲಿನ ನೀಲಿ ಅಚ್ಚಿನಲ್ಲಿ ಸ್ವಲ್ಪ ಮಂಕಾಗುತ್ತದೆ, ಪ್ರೆಸ್ಸಿನವರಿಗೆ ಮೊದಲೇ ಹೇಳಿ ಒಂದು ಪ್ರೂಫ್ ಕೇಳು. ಹೆಸರನ್ನು ಆಂಟಿಯ ತಲೆಯ ಮೇಲೆ ಬರುವ ಹಾಗೆ ಇಡಬೇಡ, ಮೇಲೆ ಮೋಡ ಇದ್ದರೆ ಅಲ್ಲಿಡು. ಸುತ್ತಲೂ 3 ಮಿಲಿಮೀಟರ್ ಬ್ಲೀಡ್ ಬಿಡು, ಅಂದರೆ ಕತ್ತರಿಸಿ ಹೋಗಲು ಚಿತ್ರದ ಹೆಚ್ಚುವರಿ ಅಂಚು, ಇಲ್ಲದಿದ್ದರೆ ಕತ್ತರಿಸುವವನು ಗಂಬೂಟನ್ನೇ ಕತ್ತರಿಸಿಬಿಡುತ್ತಾನೆ.